ಜಲವರ್ಣ ಚಿತ್ರಕ್ಕೆ ಉತ್ತಮ ಕಾಗದ: ಒಂದು ಇತಿಹಾಸ, ಒಂದು ಶಾಲಾ ಪ್ರಯೋಗ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಚಿತ್ರಕಲೆಯ ಪದವಿ ನನ್ನಲ್ಲಿಲ್ಲ. ನಮ್ಮ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ ಇದ್ದುದರಿಂದ ಆ ಪಿರಿಯಡ್ಡು ನನ್ನ ಪಾಲಿಗೆ ಬಂತು. ಅದರಿಂದ ನಾನು ಕಲಿತ ಒಂದು ಪಾಠವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ವಿಷಯ ಕಾಗದ. ಅದರಲ್ಲೂ ಜಲವರ್ಣ, ಅಂದರೆ ವಾಟರ್ ಕಲರ್ ಚಿತ್ರ ಬರೆಯುವ ಕಾಗದ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾಲ್ಕು ವರ್ಷಗಳ ಹಿಂದೆ ಒಂದು ಅಂತರಶಾಲಾ ಚಿತ್ರಕಲಾ ಸ್ಪರ್ಧೆಗೆ ಎಂಟನೇ ತರಗತಿಯ ಒಬ್ಬ ಹುಡುಗನನ್ನು ಕರೆದೊಯ್ದಿದ್ದೆ. ಕೆರೆ, ಅದರ ಮೇಲೆ ಸಂಜೆಯ ಆಕಾಶ, ಇದು ಅವನ ಚಿತ್ರ. ಬಣ್ಣಗಳ ಅಂದಾಜು ಚೆನ್ನಾಗಿತ್ತು. ಆದರೆ ಆಕಾಶಕ್ಕೆ ನೀರು ಹಚ್ಚಿದ ಕೂಡಲೇ ಹಾಳೆ ಹಪ್ಪಳದಂತೆ ಉಬ್ಬಿತು. ಬಣ್ಣವೆಲ್ಲ ತಗ್ಗಿಗೆ ಹರಿದು ನಿಂತಿತು. ಸರಿಪಡಿಸಲೆಂದು ಅವನು ಬ್ರಷ್ಷಿನಿಂದ ಎರಡು ಸಲ ತಿಕ್ಕಿದ. ಕಾಗದದ ಮೈ ಸುಲಿದು ಉಂಡೆ ಉಂಡೆಯಾಗಿ ಎದ್ದು ಬಂತು. ಬಹುಮಾನ ಬರಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ನಾನು, "ನಿನಗೆ ನೀರಿನ ಹದ ಗೊತ್ತಾಗುವುದಿಲ್ಲ, ಕೈ ಇನ್ನೂ ಕುದುರಿಲ್ಲ" ಎಂದೆ. ಅವನು ಏನೂ ಮಾತನಾಡಲಿಲ್ಲ. ಆಮೇಲೆ ಅವನು ಆ ಪಿರಿಯಡ್ಡಿನಲ್ಲಿ ಬ್ರಷ್ಷು ಮುಟ್ಟಲಿಲ್ಲ. ಆ ಹಾಳೆಯನ್ನು ಅಂಗಡಿಯಿಂದ ಕೊಂಡು ತಂದವನು ನಾನೇ.

ಒಂದು ವರ್ಷದ ನಂತರ ಒಬ್ಬ ಹಿರಿಯ ಕಲಾ ಶಿಕ್ಷಕರು ನನಗೆ ಅಂಗೈ ಅಗಲದ ಒಂದು ಚೂರು ಕಾಗದ ಕೊಟ್ಟು, "ಇದರ ಮೇಲೆ ಹಚ್ಚಿ ನೋಡಿ" ಎಂದರು. ಹಚ್ಚಿದೆ. ನೀರು ಮೇಲೆಯೇ ನಿಂತಿತು. ಬಣ್ಣ ನಿಧಾನವಾಗಿ ಹರಡಿತು. ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ಒರೆಸಿದರೆ ಬಣ್ಣ ಎದ್ದು ಬಂತು, ಕಾಗದ ಸುಲಿಯಲಿಲ್ಲ. ಚಿತ್ರ ಬರೆಯಲು ಬಾರದ ನನ್ನ ಕೈಯಲ್ಲೂ ಒಂದು ಆಕಾಶ ಮೂಡಿತು. ಆಗ ನನಗೆ ಬಸ್ಸಿನಲ್ಲಿ ಆಡಿದ ಮಾತು ನೆನಪಾಯಿತು. ತಪ್ಪು ಹುಡುಗನ ಕೈಯಲ್ಲಿ ಇರಲಿಲ್ಲ, ಹಾಳೆಯಲ್ಲಿತ್ತು. ಅಂದಿನಿಂದ ಈ ಕಾಗದ ಏನು, ಹೇಗೆ ಆಗುತ್ತದೆ ಎಂದು ಹುಡುಕತೊಡಗಿದೆ.

ಕಾಗದ ಎಂಬ ಮಾತೇ ನಮ್ಮಿಬ್ಬರ ಭಾಷೆಗಳನ್ನು ಕೂಡಿಸುತ್ತದೆ. ಉರ್ದುವಿನಲ್ಲಿ ಕಾಗಝ್, ಕನ್ನಡದಲ್ಲಿ ಕಾಗದ, ಎರಡೂ ಫಾರ್ಸಿಯಿಂದ ಬಂದವು. ಅಂಗಡಿಯಲ್ಲಿ ನಾವು ಕೇಳುವ 'ದಸ್ತಾ' ಫಾರ್ಸಿ ಮಾತು. 'ರೀಮ್' ಇಂಗ್ಲಿಷ್ ಎಂದು ತಿಳಿದಿದ್ದೇವೆ. ಅದರ ಮೂಲ ಕಟ್ಟು ಎಂಬ ಅರ್ಥದ ಅರಬ್ಬೀ 'ರಿಝ್ಮಾ'. ಮಾತುಗಳು ಹೀಗೆ ಬರಬೇಕಾದರೆ ವಸ್ತುವೂ ಆ ದಾರಿಯಲ್ಲಿಯೇ ಬಂದಿರಬೇಕಲ್ಲವೇ?

ಕಾಗದ ಹುಟ್ಟಿದ್ದು ಚೀನಾದಲ್ಲಿ. ಕ್ರಿ.ಶ. 751ರಲ್ಲಿ ತಲಾಸ್ ನದಿಯ ಬಳಿ ಅರಬ್ಬರಿಗೂ ಚೀನಿಯರಿಗೂ ಯುದ್ಧವಾಯಿತು. ಅಲ್ಲಿ ಸೆರೆಸಿಕ್ಕ ಚೀನೀ ಕುಶಲಕರ್ಮಿಗಳು ಸಮರ್‌ಖಂದದಲ್ಲಿ ಈ ವಿದ್ಯೆ ಕಲಿಸಿದರೆಂಬ ಮಾತು ಪರಂಪರೆಯಲ್ಲಿ ಬಂದಿದೆ. 8ನೇ ಶತಮಾನದ ಕೊನೆಯ ವೇಳೆಗೆ ಬಗ್ದಾದಿನಲ್ಲಿ ಕಾಗದ ತಯಾರಾಗುತ್ತಿತ್ತು. ಅಲ್ಲಿಂದ ಈಜಿಪ್ಟ್, ಮೊರಾಕೊ, ಸ್ಪೇನ್ ಹಾದು ಯೂರೋಪಿಗೆ ಹೋಯಿತು. ನಮ್ಮ ಕಡೆಗೆ 15ನೇ ಶತಮಾನದಲ್ಲಿ ಕಾಶ್ಮೀರದ ಸುಲ್ತಾನ ಝೈನುಲ್ ಆಬಿದೀನ್ ಸಮರ್‌ಖಂದದಿಂದ ಕಾಗದ ಮಾಡುವವರನ್ನು ಕರೆಸಿ ಶ್ರೀನಗರದಲ್ಲಿ ನೆಲೆ ಮಾಡಿಕೊಟ್ಟನು. ಈ ಕಸುಬಿನವರನ್ನು 'ಕಾಗಝೀ' ಎಂದು ಕರೆದರು. ಜೈಪುರದ ಹತ್ತಿರದ ಸಾಂಗಾನೇರ್, ದಖ್ಖನಿನಲ್ಲಿ ದೌಲತಾಬಾದಿಗೆ ಸಮೀಪದ ಕಾಗಝೀಪುರ ಇವೆಲ್ಲ ಕಾಗಝೀಗಳ ಊರುಗಳು. ಊರಿನ ಹೆಸರೇ ಕಾಗದವಾಗಿರುವಷ್ಟು ದೊಡ್ಡ ಕಸುಬು ಇದು.

ನಮ್ಮ ಕರ್ನಾಟಕದ ಬಿಜಾಪುರವನ್ನು ಮರೆಯುವಂತಿಲ್ಲ. 1570ರಲ್ಲಿ ಅಲ್ಲಿ ಸಿದ್ಧವಾದ 'ನುಜೂಮುಲ್ ಉಲೂಮ್' ಎಂಬ ಸಚಿತ್ರ ಹಸ್ತಪ್ರತಿ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ ಚಿತ್ರಗಳೂ ಪ್ರಪಂಚದ ಸಂಗ್ರಹಾಲಯಗಳಲ್ಲಿವೆ. ಅವೂ ನೀರಿನಲ್ಲಿ ಕಲಸಿದ ಬಣ್ಣಗಳೇ. ಹಾಗಾದರೆ ಹಳೆಯವರ ಕಾಗದವನ್ನೇ ಮಾಡಿಕೊಂಡರೆ ಸಾಲದೇ ಎಂದು ನಾನೂ ಕೇಳಿಕೊಂಡೆ. ಸಾಲದು ಎಂಬುದು ಆಮೇಲೆ ತಿಳಿಯಿತು. ಅದರ ಕಾರಣವೇ ಈ ವಿಷಯದ ತಿರುಳು.

ಕಾಗದ ಎಂದರೆ ನಾರುಗಳ ಒಂದು ಹೆಣಿಗೆ. ಅದನ್ನು ಹಾಗೆಯೇ ಬಿಟ್ಟರೆ ನೀರನ್ನು ಹೀರುತ್ತದೆ. ಬ್ಲಾಟಿಂಗ್ ಪೇಪರ್ ಇದಕ್ಕೆ ಉದಾಹರಣೆ. ಶಾಯಿ ಹರಡದಂತೆ ತಡೆಯಲು ಅದಕ್ಕೆ ಏನಾದರೂ ಉಣಿಸಬೇಕು. ಇದನ್ನು ಸೈಜಿಂಗ್ ಎನ್ನುತ್ತಾರೆ. ಅರಬ್ಬರೂ ಇರಾನಿಯರೂ ನಮ್ಮ ಕಾಗಝೀಗಳೂ ಗೋಧಿ ಅಥವಾ ಅಕ್ಕಿಯ ಗಂಜಿ ಹಚ್ಚಿ, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಕಿರುಚಿತ್ರಗಳಿಗೆ ಇಂಥ ಕೆಲವು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುತ್ತಿದ್ದರು. ಅದಕ್ಕೆ 'ವಸ್ಲೀ' ಎಂದು ಹೆಸರು. ವಸ್ಲ್ ಎಂದರೆ ಕೂಡುವುದು ಎಂದು ನನ್ನ ಉರ್ದು ವಿದ್ಯಾರ್ಥಿಗಳಿಗೆ ಗೊತ್ತಿದೆ. ಬಿದಿರ ಲೇಖನಿಗೂ ಅಳಿಲ ಬಾಲದ ಸಣ್ಣ ಕುಂಚಕ್ಕೂ ಇದಕ್ಕಿಂತ ಒಳ್ಳೆಯ ಮೈ ಇನ್ನೊಂದಿಲ್ಲ. ಏಕೆಂದರೆ ಆ ಚಿತ್ರಕಾರ ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ, ಗಟ್ಟಿಯಾಗಿ ಇಡುತ್ತಾನೆ. ಆದರೆ ಆಧುನಿಕ ಜಲವರ್ಣದಲ್ಲಿ ಹಾಳೆಯನ್ನೇ ನೀರಿನಿಂದ ತೋಯಿಸುತ್ತಾರೆ. ಅಷ್ಟು ನೀರಿಗೆ ಗಂಜಿ ಮೆತ್ತಗಾಗಿ ಬಿಟ್ಟುಕೊಡುತ್ತದೆ.

ಇಟಲಿಯ ಫಾಬ್ರಿಯಾನೊ ಊರಿನವರು 13ನೇ ಶತಮಾನದಲ್ಲಿ ಗಂಜಿಯ ಬದಲು ಜೆಲಟಿನ್ ಬಳಸತೊಡಗಿದರು. ಪ್ರಾಣಿಗಳ ಚರ್ಮದ ಚೂರುಗಳನ್ನು ಕಾಯಿಸಿ ತೆಗೆಯುವ ಅಂಟು ಅದು. ನಮ್ಮ ಬಡಗಿಗಳು ಹಿಂದೆ ಬಳಸುತ್ತಿದ್ದ ಸರೇಸಿನ ಶುದ್ಧ ರೂಪವೆನ್ನಬಹುದು. ಜೆಲಟಿನ್ ತಣ್ಣೀರಿನಲ್ಲಿ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಆದ್ದರಿಂದ ಬಣ್ಣದ ನೀರು ಒಳಗೆ ಇಳಿಯಲು ತಡವಾಗುತ್ತದೆ. ಆ ತಡವಾದ ಹೊತ್ತೇ ಚಿತ್ರಕಾರನಿಗೆ ಸಿಗುವ ಅವಕಾಶ. ಒಂದು ಬಣ್ಣದ ಪಕ್ಕ ಇನ್ನೊಂದನ್ನು ಬಿಟ್ಟು ಎರಡನ್ನೂ ಬೆರೆಸುವುದು, ಹೆಚ್ಚಾದುದನ್ನು ಎತ್ತುವುದು ಎಲ್ಲ ಆ ಹೊತ್ತಿನಲ್ಲಿಯೇ ಆಗಬೇಕು.

ಎರಡನೆಯ ದೊಡ್ಡ ಹೆಜ್ಜೆ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಆಯಿತು. ಹಳೆಯ ಕಾಗದದ ಅಚ್ಚಿನಲ್ಲಿ ತಂತಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಹೀಗಾಗಿ ಹಾಳೆಯ ಮೇಲೆ ಗೆರೆ ಗೆರೆಯಾಗಿ ತಗ್ಗುಗಳು ಉಳಿದು, ತೆಳು ಬಣ್ಣ ಹಚ್ಚಿದರೆ ಅದು ಆ ಗೆರೆಗಳಲ್ಲಿ ಕೂರುತ್ತಿತ್ತು. ಮೇಡ್‌ಸ್ಟನ್ ಊರಿನ ಜೇಮ್ಸ್ ವಾಟ್‌ಮನ್ ಬಟ್ಟೆಯಂತೆ ನೇಯ್ದ ಹಿತ್ತಾಳೆ ತಂತಿಯ ಜಾಲರಿಯ ಮೇಲೆ ಹಾಳೆ ಎತ್ತಿದನು. ಗೆರೆಗಳು ಮಾಯವಾದವು. 1757ರಲ್ಲಿ ಜಾನ್ ಬಾಸ್ಕರ್‌ವಿಲ್ ಮುದ್ರಿಸಿದ ವರ್ಜಿಲ್ ಕವಿಯ ಗ್ರಂಥದಲ್ಲಿ ಈ ಕಾಗದ ಮೊದಲು ಕಾಣಿಸಿತು. ಅದು ಅಚ್ಚಿಗಾಗಿ ಮಾಡಿದ್ದು. ಆದರೆ ಅವನ ಮಗನ ಕಾಲದಲ್ಲಿ, ಗಟ್ಟಿಯಾಗಿ ಜೆಲಟಿನ್ ಉಂಡ ಅದೇ ಬಗೆಯ ಹಾಳೆ ಚಿತ್ರಕಾರರ ಕೈ ಸೇರಿತು. ಇಂಗ್ಲೆಂಡಿನ ಪ್ರಸಿದ್ಧ ಚಿತ್ರಕಾರ ಟರ್ನರ್ ವಾಟ್‌ಮನ್ ಕಾಗದದ ಮೇಲೆ ಬಹಳ ಚಿತ್ರಗಳನ್ನು ಬರೆದಿದ್ದಾನೆ. ಅವನು ಹಾಳೆಯನ್ನು ತೋಯಿಸುತ್ತಿದ್ದ, ಒರೆಸುತ್ತಿದ್ದ, ಉಗುರಿನಿಂದಲೂ ಕೆರೆಯುತ್ತಿದ್ದ. ಅಷ್ಟಕ್ಕೂ ಆ ಕಾಗದ ತಾಳಿಕೊಂಡಿತು.

ಅದರ ನಂತರ ಒಂದು ಇಳಿಗಾಲವೂ ಬಂತು. ಜರ್ಮನಿಯ ಇಲ್ಲಿಗ್ ಎಂಬಾತ 1807ರಲ್ಲಿ ರಾಳ ಮತ್ತು ಪಟಿಕ ಸೇರಿಸಿ ಅಗ್ಗವಾಗಿ ಸೈಜಿಂಗ್ ಮಾಡುವ ದಾರಿ ತೋರಿಸಿದನು. 19ನೇ ಶತಮಾನದಲ್ಲಿ ಚಿಂದಿ ಬಟ್ಟೆಯ ಬದಲು ಮರದ ತಿರುಳು ಬಂತು. ಕಾಗದ ಅಗ್ಗವಾಯಿತು, ಶಾಲೆಯ ಪುಸ್ತಕ ಬಡವರ ಮನೆ ಸೇರಿತು. ಇದು ದೊಡ್ಡ ಉಪಕಾರವೇ. ಆದರೆ ಪಟಿಕದಿಂದ ಆಮ್ಲ ಉಂಟಾಗುತ್ತದೆ, ಮರದಲ್ಲಿರುವ ಲಿಗ್ನಿನ್ ಬಿಸಿಲಿಗೆ ಹಳದಿಯಾಗುತ್ತದೆ. ಹಳೆಯ ದಿನಪತ್ರಿಕೆ ಮುಟ್ಟಿದರೆ ಪುಡಿಯಾಗುವುದು ಇದರಿಂದಲೇ. 400 ವರ್ಷಗಳ ಹಸ್ತಪ್ರತಿ ಗಟ್ಟಿಯಾಗಿದೆ, ನಮ್ಮ ತಂದೆಯ ಕಾಲದ ಪುಸ್ತಕ ಮುರಿಯುತ್ತಿದೆ.

ಈಗ ವಿದ್ಯಾರ್ಥಿಗಳು ಟಿಪ್ಪಣಿ ಮಾಡಿಕೊಳ್ಳಬಹುದಾದ ಭಾಗ. ಉತ್ತಮ ಜಲವರ್ಣ ಕಾಗದದಲ್ಲಿ ಐದು ಗುಣ ನೋಡಬೇಕು.

ಒಂದು, ನಾರು. ನೂರಕ್ಕೆ ನೂರು ಹತ್ತಿಯದಾದರೆ ಉತ್ತಮ. ಹತ್ತಿ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್.

ಎರಡು, ತೂಕ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ಜಿಎಸ್‌ಎಂ ಎನ್ನುತ್ತಾರೆ. ನಾರು ನೀರು ಕುಡಿದಾಗ ಉಬ್ಬುವುದರಿಂದ ತೆಳು ಹಾಳೆ ಸೊಟ್ಟಗಾಗುತ್ತದೆ. ಜಲವರ್ಣಕ್ಕೆ 300 ಜಿಎಸ್‌ಎಂ ಎಲ್ಲೆಡೆ ನಡೆಯುವ ಅಳತೆ. 640 ಜಿಎಸ್‌ಎಂ ಹಾಳೆಯಂತೂ ರಟ್ಟಿನಂತೆ ಅಲುಗದೆ ಕೂರುತ್ತದೆ.

ಮೂರು, ಸೈಜಿಂಗ್. ಒಳ್ಳೆಯ ಗಿರಣಿಗಳಲ್ಲಿ ತಿರುಳಿಗೂ ಮೇಲ್ಮೈಗೂ ಎರಡು ಕಡೆ ಇದನ್ನು ಮಾಡುವುದುಂಟು. 20ನೇ ಶತಮಾನದ ಮಧ್ಯದಿಂದ ಆಮ್ಲವಿಲ್ಲದ ರಾಸಾಯನಿಕಗಳು ಬಂದಿರುವುದರಿಂದ ಪಟಿಕದ ಹಂಗು ತಪ್ಪಿದೆ. 1492ರಿಂದ ನಡೆದು ಬಂದಿರುವ ಫ್ರಾನ್ಸಿನ ಆರ್ಶ್ ಗಿರಣಿ ಜಲವರ್ಣದ ಹಾಳೆಗೆ ಇಂದಿಗೂ ಜೆಲಟಿನ್ನನ್ನೇ ನೆಚ್ಚಿಕೊಂಡಿದೆ.

ನಾಲ್ಕು, ಮೈ. ಬಿಸಿ ರೋಲರುಗಳ ನಡುವೆ ಒತ್ತಿದ್ದು ನುಣುಪು, ಅದು ಹಾಟ್ ಪ್ರೆಸ್. ತಣ್ಣಗೆ ಒತ್ತಿದ್ದು ನಸು ತರಿ, ಅದು ಕೋಲ್ಡ್ ಪ್ರೆಸ್. ಒತ್ತದೆ ಒಣಗಿಸಿದ್ದು ಒರಟು, ಅದು ರಫ್. ಕಲಿಯುವವರಿಗೆ ನಡುವಿನದೇ ಅನುಕೂಲ.

ಐದು, ಬಾಳಿಕೆ. ಆಮ್ಲ ಇರಬಾರದು. ಗಾಳಿಯಿಂದ ಬರುವ ಆಮ್ಲವನ್ನು ತಡೆಯಲು ತಿರುಳಿಗೆ ಸ್ವಲ್ಪ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಜಾತಿಯ ಪುಡಿ, ಬೆರೆಸುತ್ತಾರೆ. ಬಿಳುಪು ಹೆಚ್ಚಿಸುವ ಹೊಳಪು ರಾಸಾಯನಿಕವಿದ್ದರೆ ಅದು ಕಾಲಕ್ರಮದಲ್ಲಿ ಮಂಕಾಗುತ್ತದೆ. ಕಣ್ಣು ಕೋರೈಸುವ ಬಿಳಿ ಒಳ್ಳೆಯ ಕಾಗದದ ಗುರುತಲ್ಲ.

ಇಷ್ಟು ಓದಿಕೊಂಡ ಮೇಲೆ, ಕಳೆದ ಎರಡು ವರ್ಷ ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ನಾವೇ ಮಾಡಿ ನೋಡಿದೆವು. ಕಚ್ಚಾ ಮಾಲು ನಮ್ಮ ಮೊಹಲ್ಲಾದಲ್ಲಿಯೇ ಸಿಕ್ಕಿತು. ರಂಜಾನ್ ತಿಂಗಳಲ್ಲಿ ಟೈಲರ್ ಅಂಗಡಿಗಳ ಮೂಲೆಯಲ್ಲಿ ಕುರ್ತಾ ಪೈಜಾಮಾಗಳ ಬಿಳಿ ಕತ್ತರಿಕೆ ರಾಶಿ ಬಿದ್ದಿರುತ್ತದೆ. ಮಕ್ಕಳು ಚೀಲ ತುಂಬಿ ತಂದರು. ಮೊದಲ ಸಲ ಎಷ್ಟು ಕುಟ್ಟಿದರೂ ತಿರುಳಾಗಲಿಲ್ಲ. ಅದರಲ್ಲಿ ಟೆರಿಕಾಟ್ ಬೆರೆತಿತ್ತು. ಆಗ ಒಬ್ಬ ಟೈಲರ್ ಭಾಯಿ ನಮಗೆ ಪರೀಕ್ಷೆ ಹೇಳಿಕೊಟ್ಟರು: ಒಂದು ಎಳೆಗೆ ಬೆಂಕಿ ತಾಗಿಸಿ, ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ರಸಾಯನಶಾಸ್ತ್ರದ ಪಾಠ ಅಲ್ಲಿಯೇ ಮುಗಿಯಿತು.

ಆರಿಸಿದ ಚಿಂದಿಯನ್ನು ಸಣ್ಣಗೆ ಕತ್ತರಿಸಿ, ವಾಷಿಂಗ್ ಸೋಡಾ ಹಾಕಿ ಕುದಿಸಿ, ಚೆನ್ನಾಗಿ ತೊಳೆದೆವು. ಮಿಕ್ಸಿಯಲ್ಲಿ ಹಾಕಿದರೆ ನಾರು ತುಂಡಾಗುತ್ತದೆ, ಹಾಳೆಗೆ ಬಲ ಬರುವುದಿಲ್ಲ. ನಾರನ್ನು ಜಜ್ಜಬೇಕು, ಆಗ ಅದರ ಮೈಯಿಂದ ಕೂದಲಿನಂಥ ಎಳೆಗಳೆದ್ದು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಒರಳು ಒನಕೆ ತಂದೆವು. ಕಡಿಮೆ ಕುಟ್ಟಿದ ಹಾಳೆ ಮೆತ್ತಗೆ ಹತ್ತಿಯಂತಾಯಿತು, ಅತಿಯಾಗಿ ಕುಟ್ಟಿದ್ದು ಬಿರುಸಾಗಿ ಮುದುಡಿತು. ಆ ಹದ ಸಿಗಲು ಎರಡು ತಿಂಗಳು ಹಿಡಿಯಿತು. ಮರದ ಚೌಕಟ್ಟಿಗೆ ಬಿಗಿದ ಜಾಲರಿಯಿಂದ ಹಾಳೆ ಎತ್ತಿ, ಕಂಬಳಿ ತುಂಡುಗಳ ನಡುವೆ ಇಟ್ಟು, ಹಲಗೆಯ ಮೇಲೆ ಕಲ್ಲು ಹೇರಿ ನೀರು ಹಿಂಡಿದೆವು. ಕಂಬಳಿಯ ಗುರುತೇ ಹಾಳೆಗೆ ತರಿ ಕೊಟ್ಟಿತು.

ಅಕ್ಕಸಾಲಿಗರೊಬ್ಬರ ತಕ್ಕಡಿಯಲ್ಲಿ ತೂಗಿದೆವು. ನಮ್ಮ ಹಾಳೆ 20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದ, ಅಂದರೆ ಚದರ ಮೀಟರಿನ ಇಪ್ಪತ್ತನೇ ಒಂದು ಪಾಲು. 300 ಜಿಎಸ್‌ಎಂ ಆಗಬೇಕಾದರೆ 15 ಗ್ರಾಂ ತೂಗಬೇಕು. ಅದೇ ಅಳತೆಗೆ ಕತ್ತರಿಸಿದ ಅಂಗಡಿಯ ಡ್ರಾಯಿಂಗ್ ಶೀಟು 6 ಗ್ರಾಂ ಬಂತು, ಅಂದರೆ 120 ಜಿಎಸ್‌ಎಂ. ಆ ಹುಡುಗನ ಆಕಾಶ ಏಕೆ ಉಬ್ಬಿತೆಂಬುದು ತಕ್ಕಡಿಯಲ್ಲಿಯೇ ಕಂಡಿತು.

ಸೈಜಿಂಗ್ ಮಾಡದ ಹಾಳೆಯ ಮೇಲೆ ಬಣ್ಣದ ಹನಿ ಬಿದ್ದ ಕ್ಷಣವೇ ಇಂಗಿತು. ಅಕ್ಕಿ ಗಂಜಿ ಹಚ್ಚಿ ಕಲ್ಲಿನಿಂದ ಉಜ್ಜಿದ ಹಾಳೆ ನಮ್ಮ ಉರ್ದು ತರಗತಿಗೆ ವರವಾಯಿತು. ಖುಷ್‌ಖತ್ ಬರೆಯಲು ಅಷ್ಟು ಚೆನ್ನಾಗಿತ್ತು. ಆದರೆ ನೀರು ತುಂಬಿದ ಬ್ರಷ್ಷಿಗೆ ಮೈ ಬಿಟ್ಟಿತು, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಕೊನೆಗೆ ಜೆಲಟಿನ್. ಆಗ ಒಬ್ಬ ತಾಯಿ ಶಾಲೆಗೆ ಬಂದು, "ಸರ್, ಅದು ಯಾವ ಪ್ರಾಣಿಯದು? ಮಕ್ಕಳು ಬ್ರಷ್ಷನ್ನು ಬಾಯಿಗೆ ಇಡುತ್ತಾರೆ" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನಗೆ ಹೊಳೆದಿರಲಿಲ್ಲ. ವಿಚಾರಿಸಿ ಹಲಾಲ್ ಗುರುತಿನದನ್ನೇ ತರಿಸಿ, ಪೊಟ್ಟಣವನ್ನು ಅವರಿಗೆ ತೋರಿಸಿ ಕೆಲಸ ಶುರು ಮಾಡಿದೆವು. ಬ್ರಷ್ಷನ್ನು ಬಾಯಿಗೆ ಇಡಬಾರದೆಂಬ ನಿಯಮವನ್ನೂ ಅಂದೇ ಮಾಡಿದೆವು.

ಒಂದು ಲೀಟರ್ ನೀರಿಗೆ 30 ಗ್ರಾಂ. ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಬೇಕು. ಕುದಿಸಿದರೆ ಬಲ ಹೋಗುತ್ತದೆ. ಚೆನ್ನಾಗಿ ಒಣಗಿದ ಹಾಳೆಯನ್ನು ಅದರಲ್ಲಿ ಅದ್ದಿ, ಹೆಚ್ಚಾದುದನ್ನು ಹಿಂಡಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿದೆವು. ಹನಿ ಹಾಕಿ ಗಡಿಯಾರ ನೋಡಿದೆವು. ಎರಡು ನಿಮಿಷವಾದರೂ ಹನಿ ನಿಂತೇ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ನಮ್ಮ ಹಾಳೆ ದೊಡ್ಡ ಗಿರಣಿಗಳ ಹಾಳೆಗೆ ಸಮವೆಂದು ನಾನು ಹೇಳುವುದಿಲ್ಲ. ದಪ್ಪ ಒಂದೇ ಸಮ ಇಲ್ಲ, ಹತ್ತರಲ್ಲಿ ನಾಲ್ಕು ಕೆಡುತ್ತವೆ. ಆದರೂ ನಾನು ಆ ಹುಡುಗನನ್ನು ಕರೆಸಿದೆ. ಅವನೀಗ ಪಿಯುಸಿ ಓದುತ್ತಿದ್ದಾನೆ. ತರಗತಿಯ ಮಕ್ಕಳೆದುರು, "ಅಂದು ತಪ್ಪು ನಿನ್ನದಲ್ಲ, ನಾನು ತಂದ ಹಾಳೆಯದು, ನಿನಗೆ ಹಾಗೆ ಹೇಳಬಾರದಿತ್ತು" ಎಂದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಮಕ್ಕಳು ಹಾಳೆ ಕೊಟ್ಟರು. ಅವನು ಮತ್ತೆ ಆ ಕೆರೆಯನ್ನೇ ಬರೆದ. ಮುಗಿಸಿ, "ಸರ್, ಇದು ನೀರು ತಡೀತದೆ" ಎಂದ, ಅಷ್ಟೇ. ಹೋಗುವಾಗ ಇನ್ನೆರಡು ಹಾಳೆ ಕೇಳಿ ತೆಗೆದುಕೊಂಡು ಹೋದ. ನನಗೆ ಅದು ಸಾಕು.

ಹಿರಿಯರೇ, ಈ ಕಸುಬು ಸತ್ತಿಲ್ಲ. 1934ರಲ್ಲಿ ಗಾಂಧೀಜಿ ಮತ್ತು ಜೆ.ಸಿ. ಕುಮಾರಪ್ಪನವರು ವಾರ್ಧಾದಲ್ಲಿ ಆರಂಭಿಸಿದ ಗ್ರಾಮೋದ್ಯೋಗ ಸಂಘ ಕೈಕಾಗದಕ್ಕೆ ಮರುಜೀವ ಕೊಟ್ಟಿತು. ಕುಮಾರಪ್ಪನವರ ಹೆಸರಿನ ರಾಷ್ಟ್ರೀಯ ಕೈಕಾಗದ ಸಂಸ್ಥೆ ಸಾಂಗಾನೇರಿನಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ಕಾಗಝೀ ಮನೆತನಗಳ ಕಾಗದ ವಿದೇಶಗಳಿಗೂ ಹೋಗಿದೆ. ನಮ್ಮ ಹುಬ್ಬಳ್ಳಿಯ ಹತ್ತಿರದ ತಾರಿಹಾಳದಲ್ಲಿ ಬಟ್ಟೆ ಕಾರ್ಖಾನೆಗಳ ಹತ್ತಿ ಚಿಂದಿಯಿಂದ ಮಾಡಿದ ಹಾಳೆಗಳ ಮೇಲೆ ಇಂಗ್ಲೆಂಡಿನ ಚಿತ್ರಕಾರರು ಚಿತ್ರ ಬರೆದಿದ್ದಾರೆ. ನಮ್ಮ ಮಕ್ಕಳಿಗೆ ಮಾತ್ರ ಅದು ಗೊತ್ತಿಲ್ಲ.

ಸಂಘದ ಮುಂದೆ ನನ್ನದು ಎರಡು ಸಣ್ಣ ಬಿನ್ನಹ. ಪ್ರತಿ ವರ್ಷ ನಾವು ನೋಟ್‌ಬುಕ್ ಹಂಚುತ್ತೇವೆ. ಅದರ ಜೊತೆಗೆ ಪ್ರತಿ ಶಾಲೆಗೆ ಕೆಲವೇ ಹಾಳೆ ಒಳ್ಳೆಯ ಜಲವರ್ಣ ಕಾಗದ ಕೊಡೋಣ. ಅಂಚೆ ಕಾರ್ಡಿನ ಅಳತೆಗೆ ಕತ್ತರಿಸಿದರೆ ಒಂದು ದೊಡ್ಡ ಹಾಳೆಯಲ್ಲಿ ಇಪ್ಪತ್ತು ಮಕ್ಕಳು ಕಲಿಯುತ್ತಾರೆ. ಎರಡನೆಯದು, ಶೈಕ್ಷಣಿಕ ಪ್ರವಾಸದಲ್ಲಿ ಒಂದು ಕೈಕಾಗದ ಘಟಕವನ್ನೂ ಸೇರಿಸೋಣ. ಅಲ್ಲಿಯವರೆಗೆ, ತೆಳು ಹಾಳೆ ಮಾತ್ರ ಇರುವ ವಿದ್ಯಾರ್ಥಿಗಳು ಹೀಗೆ ಮಾಡಿ: ಹಾಳೆಯನ್ನು ಮೊದಲೇ ನೀರಿನಲ್ಲಿ ತೋಯಿಸಿ, ಹಲಗೆಯ ಮೇಲೆ ಹಾಸಿ, ನಾಲ್ಕು ಅಂಚಿಗೂ ಗಮ್ ಟೇಪ್ ಅಂಟಿಸಿ ಒಣಗಲು ಬಿಡಿ. ಅದು ಡೋಲಿನ ಚರ್ಮದಂತೆ ಬಿಗಿಯುತ್ತದೆ. ಆಮೇಲೆ ಬಣ್ಣ ಹಚ್ಚಿದರೆ ಅಷ್ಟು ಉಬ್ಬುವುದಿಲ್ಲ.

ಶಿಕ್ಷಕ ಮಿತ್ರರಿಗೆ ಒಂದೇ ಮಾತು. ಮಗುವಿನ ಕೆಲಸ ಕೆಟ್ಟಾಗ ಅದರ ಕೈಯನ್ನು ಬೈಯುವ ಮೊದಲು ನಾವು ಅದರ ಮುಂದೆ ಇಟ್ಟ ಹಾಳೆಯನ್ನು ಒಮ್ಮೆ ಮುಟ್ಟಿ ನೋಡೋಣ.